ನಡುಗದ ಗೆರೆ

ಕರಿಗುಡ್ಡದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಬಂದವರು ಮೊದಲು ಮಾಡಬೇಕಾದ ಕೆಲಸ ಸುರುಳಿ ಬರೆಯುವುದು. ಗೇಟಿನ ಹತ್ತಿರ ನಿಂತು, ತಂತಮ್ಮ ಮೊಬೈಲಿನ ಗಾಜಿನ ಮೇಲೆ ತೋರುಬೆರಳಿಟ್ಟು, ನಡುವಿನ ಚುಕ್ಕೆಯಿಂದ ಹೊರಟು, ಚಕ್ಕುಲಿ ಒತ್ತಿದ ಹಾಗೆ ಸುತ್ತುತ್ತ ಅಂಚಿಗೆ ಬಂದು ಬೆರಳೆತ್ತಬೇಕು. ಹಸಿರು ಬಂದರೆ ಗೇಟು ತೆರೆಯುತ್ತದೆ. ಹಳದಿ ಬಂದರೆ ಡಾಕ್ಟರ ಕೋಣೆ. ಕೆಂಪು ಬಂದವನು ಫರ್ನೇಸಿನ ಕಡೆ ತಲೆ ಹಾಕುವಂತಿಲ್ಲ.

ಇದರ ಹಿಂದಿನ ವಿದ್ಯೆ ಸರಳ. ಮ್ಯಾಂಗನೀಸ್ ಅದಿರು ಕರಗಿಸುವಾಗ ಏಳುವ ಹೊಗೆ ಉಸಿರಿನ ಜೊತೆ ಒಳಗಿಳಿದು, ಕೈಕಾಲು ಆಡಿಸುವ ಮಿದುಳಿನ ಭಾಗದಲ್ಲಿ ಮನೆ ಮಾಡುತ್ತದೆ. ಗಟ್ಟಿಯಾಗಿ ಕೂತ ಮೇಲೆ ಯಾರು ಕರೆದರೂ ಏಳುವುದಿಲ್ಲ. ಆದರೆ ಮನುಷ್ಯನಿಗೆ ತಿಳಿಯುವ ಎಷ್ಟೋ ತಿಂಗಳ ಮೊದಲೇ ಅವನ ಬೆರಳಿಗೆ ತಿಳಿದಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಅದು ನಡುಗುತ್ತಿರುತ್ತದೆ. ಆ ನಡುಕವನ್ನು ಮೊಬೈಲಿನ ಗಾಜು ಹಿಡಿಯಬಲ್ಲದು ಎಂದು ಕಂಡುಕೊಂಡ ಮೇಲೆ ದೇಶದ ಇಂಥ ಕಾರ್ಖಾನೆಗಳೆಲ್ಲ ಸುರುಳಿಗೆ ಬಂದವು. ಅಲ್ಲಿಗೆ ರಕ್ತ ತೆಗೆಯುವುದು ನಿಂತಿತು. ಆಗಾಗ ಬರುತ್ತಿದ್ದ ನರರೋಗದ ಡಾಕ್ಟರೂ ನಿಂತರು. ದಿನಾ ನೋಡುವ ಮೊಬೈಲಿರುವಾಗ ತಿಂಗಳಿಗೊಮ್ಮೆ ನೋಡುವ ಡಾಕ್ಟರಿಗೆ ಯಾಕೆ ದಂಡ ತೆರಬೇಕು ಎಂಬುದು ಕಂಪನಿಯ ಜಾಣತನ. ಊರಿನ ಮಕ್ಕಳು ಆಟದಲ್ಲೂ ಮಣ್ಣಿನ ಮೇಲೆ ಸುರುಳಿ ಬರೆದು, 'ನೀ ಹಸಿರು, ನೀ ಕೆಂಪು' ಎಂದು ಒಬ್ಬರನ್ನೊಬ್ಬರು ಔಟ್ ಮಾಡುತ್ತಿದ್ದವು.

ಕೊಟ್ರೇಶನಿಗೆ ದಿನಾ ಹಸಿರು ಬರುತ್ತಿತ್ತು. ಅವನ ಹೆಂಡತಿ ನಾಗವೇಣಿಗೆ ಅಷ್ಟು ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ನಾಗವೇಣಿ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಮೇಡಂ. ಪಾಠ ಮುಗಿಸಿ ಬಂದು, ಅಡಿಗೆಗೆ ಇಟ್ಟು, ಕುಕ್ಕರ್ ಕೂಗುವುದರೊಳಗೆ ನಾಲ್ಕು ಸಾಲು ಕೋಡ್ ಬರೆಯುವ ಚಟ ಅವಳಿಗೆ. ಬೇರೆಯವರಿಗೆ ಸೀರಿಯಲ್ಲಿನ ಚಟ ಇರುವ ಹಾಗೆ. ಅವಳ ಮಾವ ಚನ್ನವೀರಪ್ಪ ಒಂದು ಕಾಲಕ್ಕೆ ಇಡೀ ತಾಲ್ಲೂಕಿನ ಬೋರ್ಡು ಬರೆದವರು. ಲಾರಿಯ ಹಿಂದಿನ ನವಿಲು, ಖಾನಾವಳಿಯ ಹೆಸರು, ಚುನಾವಣೆಯ ಗೋಡೆ, ಎಲ್ಲದರ ಮೂಲೆಯಲ್ಲೂ 'ಚನ್ನವೀರ ಆರ್ಟ್ಸ್' ಇರುತ್ತಿತ್ತು. ವಯಸ್ಸಾದ ಮೇಲೆ ಅವರ ಕೈ ನಡುಗತೊಡಗಿತು. ಅದು ವಯಸ್ಸಿನ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಬ್ರಶ್ಶು ಹಿಡಿಯಲಾಗದ ಬೋರ್ಡು ಬರೆಯುವವನಿಗೆ ಇನ್ನು ಯಾವ ಅಪಾಯ ಬೇಕು ಎಂದು ಡಾಕ್ಟರಿಗೆ ಹೊಳೆಯಲಿಲ್ಲ.

ಸೊಸೆ ಅವರಿಗೊಂದು ಟ್ಯಾಬ್ ಕೊಟ್ಟಳು, ಚಿತ್ರ ಬರೆಯುವ ಆ್ಯಪ್ ಹಾಕಿಕೊಟ್ಟಳು. ಮಾವ ಒಂದು 'ಅ' ಬರೆದರು. ಅದು ಎಣ್ಣೆಯಲ್ಲಿ ಬಿಟ್ಟ ಜಿಲೇಬಿಯ ಹಾಗೆ ಹರಡಿಕೊಂಡಿತು. ಟ್ಯಾಬನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಇದು ನನ್ನ ಅಕ್ಷರ ಅಲ್ಲವ್ವ. ತಗೊಂಡ್ಹೋಗು."

ಆ ಮಾತು ನಾಗವೇಣಿಗೆ ನಾಟಿತು. ಆ ಆ್ಯಪ್ ಗೆರೆ ಎಳೆಯುವುದಕ್ಕೆ 'ಲೀನಿಯಾ' ಎಂಬ ಲೈಬ್ರರಿಯನ್ನು ಬಳಸುತ್ತದೆ ಎಂದು ಹುಡುಕಿ ತಿಳಿದಳು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೆರಳು ಗಾಜಿನ ಮೇಲೆ ಹರಿದದ್ದನ್ನು ಗೆರೆಯಾಗಿಸುವ ಕೋಡು. ಆ್ಯಪ್ ಮಾಡುವವರು ಅದನ್ನೆಲ್ಲ ಹೊಸದಾಗಿ ಬರೆಯುತ್ತ ಕೂರುವುದಿಲ್ಲ, ಯಾರೋ ಬರೆದಿಟ್ಟು ಬಿಟ್ಟಿಯಾಗಿ ಕೊಟ್ಟದ್ದನ್ನು ತಂದು ಕೂಡಿಸಿಕೊಳ್ಳುತ್ತಾರೆ. ಊರ ಬಾವಿ ಇದ್ದ ಹಾಗೆ. ಸೇದುವವರು ಊರಿಗೆ ಊರೇ, ಹೂಳೆತ್ತುವವರು ನಾಲ್ಕೇ ಜನ. ಲೀನಿಯಾದ ಹೂಳೆತ್ತುತ್ತಿದ್ದವಳು ಸ್ಲೊವೇನಿಯಾ ದೇಶದ ಮಿಲೇನಾ. ರೈಲ್ವೆ ಕಚೇರಿಯಲ್ಲಿ ದುಡಿದು ಮನೆಗೆ ಬಂದು ಸಂಬಳವಿಲ್ಲದ ಈ ಚಾಕರಿ ಮಾಡುತ್ತಿದ್ದಳು.

ನಾಗವೇಣಿ ಮಾವನ ಕೈಯಿಂದ ಸಾವಿರಾರು ಗೆರೆ ಎಳೆಸಿದಳು. ನಡುಕ ಯಾವುದು, ಮನುಷ್ಯ ಎಳೆಯಬೇಕೆಂದುಕೊಂಡ ಗೆರೆ ಯಾವುದು ಎಂದು ಬಿಡಿಸುವುದೇ ಕಷ್ಟದ ಭಾಗ. ಅಕ್ಕಿಯಿಂದ ನುಚ್ಚು ತೆಗೆದ ಹಾಗೆ ತಿಂಗಳುಗಟ್ಟಲೆ ಕೂತು ಬಿಡಿಸಿದಳು. ಮಾವನಿಗೆ ಒಂದು ಅಭ್ಯಾಸವಿತ್ತು. ಗೆರೆ ಮುಗಿಸುವಾಗ ಬ್ರಶ್ಶನ್ನು ಚೂರು ಎಡಕ್ಕೆ ಜಾಡಿಸಿ ಎತ್ತುವುದು. ಅದರಿಂದ ಪ್ರತಿ ಗೆರೆಯ ತುದಿಗೂ ಸಣ್ಣದೊಂದು ಬಾಲ ಮೂಡುತ್ತಿತ್ತು. ಅವರ ಗೆರೆಗಳನ್ನೇ ಉಂಡು ಬೆಳೆದ ಕೋಡಿಗೂ ಆ ಬಾಲ ಅಂಟಿಕೊಂಡಿತು. ಅವಳು ಅದನ್ನು ಕತ್ತರಿಸಬಹುದಿತ್ತು. ಮನಸ್ಸು ಬರಲಿಲ್ಲ.

ಕೋಡನ್ನು ಲೀನಿಯಾಕ್ಕೆ ಕಳಿಸುವಾಗ, ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವ ಹಾಗೆ ಇಟ್ಟಿದ್ದಳು. ಪರಿಶೀಲನೆ ನಡೆಯಿತು. ಮಿಲೇನಾ ಹೊಗಳಿದಳು. ಎಲ್ಲಿಯವನೋ ಒಬ್ಬ ಬರೆದ: ಕೈ ನಡುಗುವ ಮುದುಕರು ಸೆಟ್ಟಿಂಗ್ ಹುಡುಕಿಕೊಂಡು ಹೋಗುತ್ತಾರೆಯೇ? ಇದು ತಾನಾಗಿಯೇ ಚಾಲೂ ಇರಬೇಕು. ನೆಟ್ಟಗಿನ ಗೆರೆ ಬೇಡ ಎನ್ನುವವರು ಯಾರು?

ನಾಗವೇಣಿಗೆ ಒಂದು ಕ್ಷಣ ಅಳುಕಾಯಿತು. ಎಲ್ಲರೂ ನೋಡುವ ಚರ್ಚೆಯ ಪುಟದಲ್ಲಿ ಪ್ರಶ್ನೆ ಹಾಕಿದಳು: 'ನಡುಕವಿರುವ ಕಚ್ಚಾ ಗೆರೆಯೇ ಬೇಕು ಎನ್ನುವವರು ಯಾರಾದರೂ ಇದ್ದೀರಾ?' ಎರಡು ವಾರ ಕಾದಳು. ಯಾರೂ ಉಸಿರೆತ್ತಲಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಒಂದು ಪದ ಬದಲಾಯಿಸಿದಳು, 'ಇಲ್ಲ' ಇದ್ದದ್ದು 'ಹೌದು' ಆಯಿತು. ಬಾವಿಯ ನೀರು ಸೇದುವವರು ಕಟ್ಟೆಗೆ ಅಂಟಿಸಿದ ಚೀಟಿ ಓದುವುದಿಲ್ಲ ಎಂಬುದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವಳ ಕೋಡು ಲೀನಿಯಾಕ್ಕೆ ಸೇರಿದ ದಿನ ಕೊಟ್ರೇಶ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಮಾವ ಟ್ಯಾಬಿನ ಮೇಲೆ 'ನಾಗವೇಣಿ' ಎಂದು ಬರೆದರು. ಹಳೆಯ ಚನ್ನವೀರ ಆರ್ಟ್ಸಿನ ಅಕ್ಷರ. ತುದಿಯಲ್ಲಿ ಬಾಲ. ಬರೆದು, ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು, ಕಣ್ಣು ತುಂಬಿತ್ತು.

"ನನ್ನ ಕೈ ನನಗ ವಾಪಸ್ ಕೊಟ್ಟಿ ನೋಡವ್ವ," ಎಂದರು. ಅವಳ ಜೀವನದಲ್ಲಿ ಅಂಥ ಸಂತೋಷ ಇನ್ನೊಂದು ಬರಲಿಲ್ಲ.

ಸ್ವಲ್ಪ ದಿನವಾದ ಮೇಲೆ ಕೊಟ್ರೇಶ ಊಟಕ್ಕೆ ಕೂತಾಗ ನಗುತ್ತ ಒಂದು ಸುದ್ದಿ ಹೇಳಿದ. ಪಾಳಿಯಲ್ಲಿ ದುರುಗಪ್ಪ ಎಂಬವನಿದ್ದ, ಭಾನುವಾರ ಗುಂಡು ಹಾಕಿದರೆ ಸೋಮವಾರ ಬೆಳಿಗ್ಗೆ ಹಳದಿ ಗ್ಯಾರಂಟಿ.

"ಈಗ ಅವಂಗೂ ಹಸಿರು ಬರಾಕತ್ತೈತಿ. ಕಾಲು ನಿಲ್ಲಂಗಿಲ್ಲ, ಗೆರಿ ಮಾತ್ರ ದುಂಡಗ. ಆ್ಯಪ್ ಏನೋ ಅಪ್‌ಡೇಟ್ ಆಗೇತಂತ."

"ಯಾರೂ ಹೇಳಲಿಲ್ಲೇನ್ರಿ ಆಫೀಸ್ನ್ಯಾಗ?"

"ಹೇಳಿದ್ರ ರಿಪೇರಿ ಮಾಡ್ತಾರ. ಇಡೀ ಪಾಳಿ ಬಾಯಿ ಹೊಲ್ಕೊಂಡು ಕುಂತೈತಿ."

ನಾಗವೇಣಿ ಬಿದ್ದು ಬಿದ್ದು ನಕ್ಕಳು. "ಯಾರೋ ಪುಣ್ಯಾತ್ಮರು ಬರೆದಾರ ಬಿಡ್ರಿ," ಎಂದು ಇನ್ನೊಂದು ರೊಟ್ಟಿ ಹಾಕಿದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ವರ್ಷದ ಮೇಲೆ ಕಳೆಯಿತು. ಕೊಟ್ರೇಶನ ಮಾತು ಕಡಿಮೆಯಾಯಿತು. ಮುಖ ಬರಬರುತ್ತ ಗಾರೆ ಮೆತ್ತಿದ ಹಾಗಾಯಿತು. ಸಿಟ್ಟೂ ಕಾಣದು, ಸಂತೋಷವೂ ಕಾಣದು. ಆದರೆ ಒಮ್ಮೊಮ್ಮೆ, ಯಾರದೋ ಸಾವಿನ ಸುದ್ದಿ ಕೇಳುವಾಗಲೂ, ಕಾರಣವಿಲ್ಲದೆ ನಗು ಬಂದುಬಿಡುತ್ತಿತ್ತು. ನಾಗವೇಣಿ ಜಗಳವಾಡಿದಳು. ಮನೆಯಲ್ಲಿ ಮನಸ್ಸಿಲ್ಲ ನಿಮಗೆ ಎಂದಳು. ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಾಗೆಲ್ಲ ಅವನು ಮೊಬೈಲ್ ತೋರಿಸುತ್ತಿದ್ದ. "ಹಸಿರು ಬಂದೈತಲ್ಲ." ಅವಳೂ ಒಪ್ಪಿಕೊಳ್ಳುತ್ತಿದ್ದಳು.

ಅದೊಂದು ಭಾನುವಾರ ಮಾವ ಮನೆಯ ಮುಂದಿನ ಗೋಡೆಗೆ ಮತ್ತೆ 'ಚನ್ನವೀರ ಆರ್ಟ್ಸ್' ಬರೆಸುವ ಉಮೇದಿನಲ್ಲಿದ್ದರು. ಅಕ್ಷರ ಟ್ಯಾಬಿನಲ್ಲಿ ಸಿದ್ಧವಾಗಿತ್ತು, ಗೋಡೆಗೆ ಸುಣ್ಣದ ಮೇಲಿನ ಸಾಲು ಹೊಡೆದಾಗಿತ್ತು, ಕೆಳಗಿನದು ಬಾಕಿಯಿತ್ತು. ಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಮಗನ ಕೈಗೆ ಕೊಟ್ಟರು.

"ಎರಡು ಹೆಜ್ಜಿ ಹಿಂದ ಸರಿ, ಜಗ್ಗಿ ಹಿಡಿ."

ಕೊಟ್ರೇಶ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಎರಡನೆಯದು ಇಡಲಾಗದೆ, ಕೈ ಚಾಚಿ ಆಸರೆ ಹಿಡಿಯಲೂ ಆಗದೆ, ಕಡಿದ ಮರದ ಹಾಗೆ ಬೆನ್ನ ಮೇಲೆ ಬಿದ್ದ. ಬಿದ್ದವನು ನಗುತ್ತಿದ್ದ. ಎಬ್ಬಿಸಲು ಓಡಿ ಬಂದ ನಾಗವೇಣಿ ಅವನ ಕೈಯಲ್ಲಿದ್ದ ದಾರ ನೋಡಿದಳು. ಬಿಗಿಯಾಗಿ ಹಿಡಿದ ದಾರ ವೀಣೆಯ ತಂತಿಯ ಹಾಗೆ ಅದುರುತ್ತಿತ್ತು. ಇನ್ನೊಂದು ತುದಿ ಹಿಡಿದ ಮಾವನ ಕೈ ಅಷ್ಟು ಅದುರುತ್ತಿರಲಿಲ್ಲ.

ಅವನನ್ನು ಕಟ್ಟೆಯ ಮೇಲೆ ಕೂರಿಸಿ, "ಸುರುಳಿ ಬರೀರಿ, ನೋಡೋಣ," ಎಂದಳು. ಮದುವೆಯಾದಂದಿನಿಂದ ಅವಳು ಆ ಆ್ಯಪನ್ನು ತೆರೆದು ನೋಡಿದ್ದು ಅದೇ ಮೊದಲು. ಅವನು ಬರೆದ. ಬೆರಳು ಗಾಜಿನ ಮೇಲೆ ಕುಣಿಯುತ್ತಿತ್ತು. ಗಾಜಿನೊಳಗೆ ಮೂಡಿದ ಗೆರೆ ಮಾತ್ರ ಕುಂಬಾರನ ಚಕ್ರದ ಮೇಲೆ ತಿರುಗಿದಷ್ಟು ನುಣುಪು. ಹಸಿರು ಬಂತು. ಸುರುಳಿಯ ತುದಿಯಲ್ಲಿ, ಚೂರು ಎಡಕ್ಕೆ, ಒಂದು ಸಣ್ಣ ಬಾಲವಿತ್ತು.

ಗಂಡನ ಗೆರೆಯ ಕೊನೆಯಲ್ಲಿ ಮಾವನ ಕೈ. ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು: ಸುರುಳಿಯ ಆ್ಯಪ್ ಕೂಡ ಲೀನಿಯಾದ ಬಾವಿಯಿಂದಲೇ ಸೇದುತ್ತಿತ್ತು. ಮೊಬೈಲ್ ಕಿತ್ತುಕೊಂಡು, ತನ್ನ ಕೈಯನ್ನು ಬೇಕೆಂದೇ ಗಡಗಡ ಅಲುಗಿಸಿ ಸುರುಳಿ ಬರೆದಳು. ಹಸಿರು. ಮೊಣಕೈಯಿಂದ ಅಲುಗಿಸಿದಳು. ಹಸಿರು, ಬಾಲ.

ಮಾರನೆಯ ದಿನ ಕಾರ್ಖಾನೆಯ ಆರೋಗ್ಯ ಕೋಣೆಯಲ್ಲಿ ಡಾಕ್ಟರ್ ಖಲಂದರ್ ಒಬ್ಬರೇ ಇದ್ದರು. ಗೋಡೆಯ ತುಂಬ ಪರದೆ, ಪರದೆಯ ತುಂಬ ಹೆಸರು, ಪ್ರತಿ ಹೆಸರಿನ ಮುಂದೆ ಹಸಿರು ಚುಕ್ಕೆ. ಬೇಸಿಗೆಯಲ್ಲಿ ಜಾಲಿ ಹಬ್ಬಿದ ಕೆರೆಯಂಗಳದ ಹಾಗೆ ಎಲ್ಲ ಹಸಿರು. ನಾಗವೇಣಿ ಮೊಬೈಲನ್ನು ಅವರ ಕೈಗೆ ಕೊಟ್ಟು, ಕೈ ಅಲುಗಿಸಿ ಬರೆಯಿರಿ ಎಂದಳು. ಡಾಕ್ಟರು ಬರೆದರು. ಮತ್ತೆ ಬರೆದರು. ಆಮೇಲೆ ಪರದೆಯ ಕಡೆ ತಿರುಗಿದರು.

"ಹೋದ ವರ್ಷ ಹಳದಿ ಬರೋದು ನಿಂತಾಗ ನಾವು ಮೀಟಿಂಗ್‌ನಲ್ಲಿ ಚಪ್ಪಾಳೆ ತಟ್ಟಿದ್ವಿ, ಮೇಡಂ. ಹೊಗೆ ಕಡಿಮೆಯಾಗಿದೆ ಅಂತ," ಎಂದರು. "ನಾನು ಬಣ್ಣ ನೋಡಿದೆ. ಗೆರೆ ನೋಡಲೇ ಇಲ್ಲ."

"ಹಳೇ ಗೆರೆಗಳು ಇದಾವೇನ್ರಿ, ಸರ್? ಯಾವಾಗಿನಿಂದ ಶುರುವಾಗೇತಿ ಅಂತ ತಿಳೀತಿತ್ತು."

ಇದ್ದವು. ಆದರೆ ಅವೂ ನೆಟ್ಟಗೆ ಮಾಡಿದ ಗೆರೆಗಳೇ. ಬೆರಳು ಗಾಜಿನಿಂದ ಎದ್ದ ಕೂಡಲೆ ಅದರ ನಡುಕ ಅಳಿದುಹೋಗುತ್ತಿತ್ತು. ಒಂದು ವರ್ಷದಲ್ಲಿ ನಡುಗಿದ್ದು ಯಾವ ಕಂಪ್ಯೂಟರಿನಲ್ಲೂ ಉಳಿದಿರಲಿಲ್ಲ, ಆ ಜನರ ಮೈಯಲ್ಲಿ ಮಾತ್ರ ಉಳಿದಿತ್ತು.

ಸರಿಪಡಿಸುವುದಕ್ಕೆ ಎಷ್ಟು ಕೆಲಸ? ಒಂದು ಪದ. ಆ್ಯಪ್ ಮಾಡಿದವರಿಗೆ ಅವಳೇ ಫೋನ್ ಹಚ್ಚಿ ಹೇಳಿದಳು, ಕಚ್ಚಾ ಗೆರೆ ಕೊಡು ಎಂದು ಲೀನಿಯಾವನ್ನು ಕೇಳಿರಿ, ಅಷ್ಟು ಸಾಕು. ಅವರು ಸಂಜೆಯೊಳಗೆ ಮಾಡಿದರು. ಮಿಲೇನಾಗೆ ಬರೆದಾಗ ಅವಳಿಂದ ಬಂದ ಉತ್ತರ ಚಿಕ್ಕದಿತ್ತು: 'ನಾವು ಕೇಳಿದ್ದೆವಲ್ಲ, ನಾಗವೇಣಿ. ಕೇಳಿ ಕಾದಿದ್ದೆವಲ್ಲ.' ಅದನ್ನು ಓದಿ ನಾಗವೇಣಿಗೆ ಸಮಾಧಾನವಾಗುವ ಬದಲು ಮೈ ಪರಚಿಕೊಳ್ಳುವ ಹಾಗಾಯಿತು. ಕೇಳಿದ್ದು ಹೌದು. ಹಾಸಿಗೆಯಲ್ಲಿ ತನ್ನ ಪಕ್ಕಕ್ಕೇ ಮಲಗುತ್ತಿದ್ದವನನ್ನು ಕೇಳಿರಲಿಲ್ಲ.

ಹೊಸ ಆ್ಯಪ್ ಬಂದ ಬೆಳಿಗ್ಗೆ ಅವಳು ಡಾಕ್ಟರ ಜೊತೆ ಗಾಜಿನ ಕಿಟಕಿಯ ಹಿಂದೆ ನಿಂತಿದ್ದಳು. ಗೇಟಿನ ಮುಂದೆ ಸಾಲು ನಿಂತಿತ್ತು. ಎಂದಿನ ಹಾಗೆ ತಮಾಷೆ, ಎಲೆಅಡಿಕೆ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಮೊದಲನೆಯವನಿಗೆ ಹಸಿರು. ಎರಡನೆಯವನಿಗೆ ಕೆಂಪು. ಅವನು ಮೊಬೈಲನ್ನು ಅಂಗಿಗೆ ಒರೆಸಿ ಮತ್ತೆ ಬರೆದ. ಕೆಂಪು. ಹಿಂದಿನವರು ನಕ್ಕರು. ಆಮೇಲೆ ಕೆಂಪು, ಹಳದಿ, ಕೆಂಪು, ಕೆಂಪು. ನಗು ನಿಂತಿತು. ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದೊಂದೇ ಬಣ್ಣ ಬದಲಿಸುತ್ತಿದ್ದವು.

ದುರುಗಪ್ಪನ ಸರದಿ ಬಂತು. ಕೆಂಪು. ಅವನು ಕಿಟಕಿಯ ಹತ್ತಿರ ಓಡಿ ಬಂದು ಗಾಜು ತಟ್ಟಿದ.

"ನಾ ಕುಡಿದಿಲ್ರಿ, ಸಾಹೇಬ್ರ. ಹುಲಿಗೆಮ್ಮನ ಆಣಿ, ಒಂದು ವಾರ ಆತು ಮುಟ್ಟಿಲ್ಲ. ವಾಸನಿ ನೋಡ್ರಿ ಬೇಕಾದ್ರ."

ಅವನ ಹಿಂದೆ ಕೊಟ್ರೇಶ ನಿಂತಿದ್ದ. ಹಿಮ್ಮಡಿ ನೆಲಕ್ಕೆ ಊರದೆ, ಹುಂಜದ ಹಾಗೆ ತುದಿಗಾಲಲ್ಲಿ ಮುಂದೆ ಬಂದು ಬೆರಳಿಟ್ಟ. ಬರೆದು ಮುಗಿಸುವ ಮೊದಲೇ ಕೆಂಪು ಬಂತು. ಅವನು ತಲೆಯೆತ್ತಿ ಕಿಟಕಿಯ ಹಿಂದಿದ್ದ ಹೆಂಡತಿಯನ್ನು ನೋಡಿ ನಕ್ಕ. ಆ ನಗು ಅವನದೋ, ಹೊಗೆಯದೋ ಅವಳಿಗೆ ತಿಳಿಯಲಿಲ್ಲ.

"ಮೊದಲ ನಡುಕದಲ್ಲೇ ಹೊರಗೆ ತಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು," ಎಂದರು ಡಾಕ್ಟರು. "ಈಗ ಹೊರಗೆ ತಂದರೂ ಇದು ಮುಂದುವರಿಯುತ್ತೆ. ಸುಳ್ಳು ಹೇಳಲಾರೆ."

ಕಂಪನಿ ಕೆಂಪು ಬಂದವರಿಗೆ ಕೆಲವು ತಿಂಗಳು ಅಂಗಳ ಗುಡಿಸುವ ಕೆಲಸ ಕೊಟ್ಟು, ಆಮೇಲೆ ಅದನ್ನೂ ನಿಲ್ಲಿಸಿತು. ಪರಿಹಾರ ಕೇಳಲು ಹೋದವರಿಗೆ ಕಂಪನಿಯ ವಕೀಲರು ಬಿಟ್ಟಿ ಲೈಬ್ರರಿಯ ಕರಾರನ್ನು ತೋರಿಸಿದರು. 'ಇದ್ದದ್ದು ಇದ್ದಂತೆ ಕೊಡಲಾಗಿದೆ, ಯಾವ ಹೊಣೆಗೂ ಯಾರೂ ಬಾಧ್ಯರಲ್ಲ' ಎಂಬ ಸಾಲು. ಕೋಡು ಕಳಿಸುವ ದಿನ ನಾಗವೇಣಿ ಆ ಸಾಲನ್ನು ಓದದೆ ಒಪ್ಪಿದ್ದಳು; ಎಲ್ಲರೂ ಹಾಗೇ ಒಪ್ಪುತ್ತಾರೆ. ಬಿಟ್ಟಿ ಕೊಟ್ಟವಳದು ತಪ್ಪೋ, ಬಿಟ್ಟಿ ಸಿಕ್ಕಿತೆಂದು ನರರೋಗದ ಡಾಕ್ಟರನ್ನೇ ಬಿಡಿಸಿದವರದು ತಪ್ಪೋ? ನನ್ನನ್ನು ಕೇಳಿದರೆ ಎರಡನೆಯವರದು. ನಾಗವೇಣಿ ಯಾರನ್ನೂ ಕೇಳಲಿಲ್ಲ.

ಮನೆಯಲ್ಲಿ ಅವಳೇ ಎಲ್ಲ ಬಿಡಿಸಿ ಹೇಳಿದಳು, ಒಂದನ್ನೂ ಮುಚ್ಚಿಡದೆ. ಮಾವ ಎದ್ದು ಹೋಗಿ ಟ್ಯಾಬನ್ನು ಟ್ರಂಕಿನಲ್ಲಿಟ್ಟು ಚಿಲಕ ಹಾಕಿದರು.

"ನನ್ನ ಕೈ ಉಳಿಸಾಕ ಹೋಗಿ ನನ್ನ ಮಗನ ಕೈ ಹೋತು. ಇನ್ನ ಅದನ್ನ ಮುಟ್ಟಿದ್ರ ನನಗ ಪಾಪ ಸುತ್ತಿಕೋತೈತಿ," ಎಂದರು. ಆಮೇಲೆ ಅವರು ಒಂದು ಅಕ್ಷರವನ್ನೂ ಬರೆಯಲಿಲ್ಲ. ಗೋಡೆಯ ಮೇಲೆ ಸುಣ್ಣದ ಒಂದು ಸಾಲು ಹಾಗೇ ಉಳಿಯಿತು.

ಕೊಟ್ರೇಶ ಅವಳ ಕಡೆ ತಿರುಗಿ ಮಾತಾಡಿದ. ಆಗಲೇ ಅವನ ದನಿ ತಗ್ಗಿ, ಪದಗಳು ಒಂದರ ಮೇಲೊಂದು ಬೀಳುತ್ತಿದ್ದವು.

"ಅಪ್ಪನ ಕೈ ನೋಡಿದಿ. ನನ್ನ ಕೈ ನೋಡ್ಲಿಲ್ಲ, ನಾಗೂ."

ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಲು ಆಗುತ್ತಿತ್ತೋ ಇಲ್ಲವೋ, ಅದೂ ಅವಳಿಗೆ ಗೊತ್ತಾಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಅವನಿಗೆ ಗುಂಡಿ ಹಾಕಿಕೊಳ್ಳಲು, ತುತ್ತು ಎತ್ತಲು ಇನ್ನೊಬ್ಬರು ಬೇಕಾದರು. ಮಾತು ತಿಳಿಯದ ದಿನಗಳಲ್ಲಿ ಮೊಬೈಲಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದ. ಮೊಬೈಲು ಅದನ್ನು ನೆಟ್ಟಗೆ ಮಾಡುತ್ತಿತ್ತು. 'ನೀರು.' 'ಸೆಕಿ.' 'ಅಪ್ಪ ಉಂಡನಾ.' ಮುದ್ದಾದ ಅಕ್ಷರಗಳು, ತುದಿಯಲ್ಲಿ ಬಾಲ. ಯಾವ ಕೋಡು ಅವನ ರೋಗವನ್ನು ಬಚ್ಚಿಟ್ಟಿತ್ತೋ ಅದಿಲ್ಲದೆ ಈಗ ಅವನು ಹೆಂಡತಿಯ ಹತ್ತಿರ ನೀರು ಕೇಳುವಂತಿರಲಿಲ್ಲ. ಇಂಥ ವಿದ್ಯೆಯನ್ನು ಒಳ್ಳೆಯದೆನ್ನಬೇಕೋ ಕೆಟ್ಟದ್ದೆನ್ನಬೇಕೋ, ಅವಳಿಗೆ ಬೈಯಲೂ ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ಅವನು ಬರೆದ: 'ನಂದು ತೋರ್ಸು.'

ಅವಳಿಗೆ ಕೂಡಲೆ ತಿಳಿಯಿತು. ಸೆಟ್ಟಿಂಗಿಗೆ ಹೋಗಿ 'ಹೌದು' ಇದ್ದದ್ದನ್ನು 'ಇಲ್ಲ' ಮಾಡಿ ಅವನ ಮುಂದೆ ಹಿಡಿದಳು. ಅವನು ನಡುವಿನಿಂದ ಶುರುಮಾಡಿ ಸುರುಳಿ ಬರೆದ. ತುಂಬ ಹೊತ್ತು ಹಿಡಿಯಿತು. ಗೆರೆ ಹರಿದು, ಚದುರಿ, ತನ್ನ ಮೇಲೆ ತಾನೇ ಬಿದ್ದು, ಒಂದು ಕಡೆ ಗಾಜಿನ ಅಂಚು ದಾಟಿ ಹೋಗಿತ್ತು. ಬಾಲವಿರಲಿಲ್ಲ. ಕೊಟ್ರೇಶ ಅದನ್ನು ನೋಡುತ್ತ ಕೂತ, ಅಗಲಿದ್ದ ಯಾರನ್ನೋ ಬಹಳ ದಿನದ ಮೇಲೆ ಕಂಡ ಹಾಗೆ. ಆಮೇಲೆ ಕಷ್ಟಪಟ್ಟು, ಬಾಯಿಂದಲೇ ಹೇಳಿದ.

"ಇದನ್ನ... ಕಳಿಸು. ಅವರಿಗೆ."

ಲೀನಿಯಾದಲ್ಲಿ ಯಾರೇ ಏನೇ ಬದಲಾಯಿಸಿದರೂ ಅದು ಸೇರುವ ಮೊದಲು ಪರೀಕ್ಷೆಗಳು ತಾವಾಗಿ ನಡೆಯುತ್ತವೆ. ನಾಗವೇಣಿ ಆ ಸುರುಳಿಯನ್ನು ಒಂದು ಪರೀಕ್ಷೆಯಾಗಿ ಸೇರಿಸಿದಳು: ಕಚ್ಚಾ ಗೆರೆ ಕೇಳಿದಾಗ ಈ ನಡುಕ ಒಂದಿಷ್ಟೂ ಸವೆಯದೆ ಬರಬೇಕು, ಬರದಿದ್ದರೆ ಬದಲಾವಣೆ ತಿರಸ್ಕೃತ. ಮಿಲೇನಾ ಕೂಡಲೆ ಒಪ್ಪಿದಳು. ಅವತ್ತಿನಿಂದ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಲೈಬ್ರರಿಯನ್ನು ಮುಟ್ಟಿದರೂ ಮೊದಲು ಕೊಟ್ರೇಶನ ಸುರುಳಿಯನ್ನು ದಾಟಿ ಹೋಗಬೇಕಾಯಿತು.

ದಸರೆಯ ಹೊತ್ತಿಗೆ ದೂರದ ದೇಶದ ಹೊಸಬನೊಬ್ಬ ಒಂದು ಬದಲಾವಣೆ ಕಳಿಸಿದ. ಅವನ ಉತ್ಸಾಹ ದೊಡ್ಡದು. ಪರೀಕ್ಷೆಗಳಲ್ಲಿ ಒಂದು ಗೆರೆ ಕೆಟ್ಟುಹೋಗಿದೆ, ಯಾರೋ ಅಜಾಗರೂಕತೆಯಿಂದ ಬರೆದಂತಿದೆ, ನಾನು ನೆಟ್ಟಗೆ ಮಾಡಿದ್ದೇನೆ, ದಯವಿಟ್ಟು ಸೇರಿಸಿಕೊಳ್ಳಿ ಎಂದು ಬರೆದಿದ್ದ. ಅದಾಗಲೇ ಇಬ್ಬರು ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದರು.

ನಾಗವೇಣಿ ಗಂಡನಿಗೆ ಅಂಬಲಿ ಕುಡಿಸುತ್ತಿದ್ದಳು. ಬಟ್ಟಲು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಉತ್ತರ ಬರೆದಳು: 'ಆ ಗೆರೆ ಕೆಟ್ಟಿಲ್ಲ. ಅದು ಹಾಗೆಯೇ ಇರಬೇಕು.'

"ಯಾರು?" ಎಂದ ಕೊಟ್ರೇಶ.

"ಯಾರೋ ಹುಡುಗ. ನಿಮ್ಮ ಗೆರಿ ನೆಟ್ಟಗ ಮಾಡ್ತೀನಿ ಅಂತಾನ."

"ಏನಂದಿ?"

"ಬ್ಯಾಡಪ್ಪ ಅಂದೆ."

ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಕೈ ಮಾತ್ರ ಹೊದಿಕೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಅವಳು ಬಟ್ಟಲು ಮತ್ತೆ ಎತ್ತಿಕೊಂಡಳು.